ಅಮ್ಮಮ್ಮನ ಬಗ್ಗೆ ಬರೆಯುವ ಮುಂಚೆ

ಸಾಗರ

ಪ್ರೀತಿಯ ಕೂಸೇ,

ಆಶೀರ್ವಾದಗಳು. ನೀನು ಕಳಿಸಿದ ಬರಹ ಓದಿದೆ. ಅಮ್ಮಮ್ಮ ತೀರಿಕೊಂಡು ವರ್ಷ ತುಂಬುವಾಗಿನ ವರ್ಷಾಂತಕ್ಕೆ ಬಂದವರಿಗೆ ಹಂಚಲು ಅವಳ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡಿಸುತ್ತೇನೆ ಎಂದು ನೀನು ಹೇಳಿದಾಗಲೇ ನನಗೆ ಖುಷಿಯಾಗಿತ್ತು. ನಮ್ಮ ಮನೆಯಲ್ಲಿ ಅಜ್ಜಂದಿರ ಫೋಟೋಗಳಿಗೆ ಹಾರ ಬಿದ್ದಿದೆ, ವಂಶಾವಳಿಯಲ್ಲಿ ಅವರ ಹೆಸರುಗಳಿವೆ. ಅಜ್ಜಿಯಂದಿರ ಬಗ್ಗೆ ಯಾರೂ ಒಂದು ಸಾಲು ಬರೆದಿಟ್ಟಿಲ್ಲ. ನೀನು ಬರೆಯಲು ಹೊರಟಿದ್ದೀಯಲ್ಲ, ಅದೇ ದೊಡ್ಡದು. ಆದರೆ ಹೇಗಿದೆ ಹೇಳಿ ಎಂದು ನೀನೇ ಕೇಳಿದ್ದೀಯ. ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ.

ಅದು ಯಾರ ಅಜ್ಜಿಯ ಬಗ್ಗೆ ಬೇಕಾದರೂ ಆಗಬಹುದು. ಸಹನೆಯಲ್ಲಿ ಭೂಮಿತಾಯಿ, ಸಾಕ್ಷಾತ್ ಅನ್ನಪೂರ್ಣೆ, ಮಮತೆಯ ಮೂರ್ತಿ, ತನಗಾಗಿ ಏನನ್ನೂ ಬಯಸದವಳು. ಹೆಸರೊಂದನ್ನು ಬದಲಿಸಿದರೆ ಪಕ್ಕದ ಮನೆಯವರೂ ಅದನ್ನೇ ಅಚ್ಚು ಹಾಕಿಸಬಹುದು. ಅದೂ ಅಲ್ಲದೆ, ಕೊನೆಯ ಮಾತು ಸುಳ್ಳು. ಅವಳಿಗೆ ಬಯಕೆಗಳು ಬೇಕಾದಷ್ಟಿದ್ದವು. ರಾತ್ರಿಯಿಡೀ ಕೂತು ಯಕ್ಷಗಾನ ನೋಡಬೇಕು ಅಂತಿತ್ತು. ಕಾಶಿಗೆ ಹೋಗಬೇಕು ಅಂತಿತ್ತು. ತನ್ನದೇ ಆದ ಒಂದು ಪೆಟ್ಟಿಗೆ, ಅದಕ್ಕೊಂದು ಬೀಗ, ಅದರ ಕೀಲಿಕೈ ತನ್ನ ಸೆರಗಿನ ತುದಿಯಲ್ಲಿ ಇರಬೇಕು ಅಂತಿತ್ತು. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ, ಅಷ್ಟೇ. ಕಾಶಿಗೆ ಕೊನೆಗೂ ಹೋಗಲಿಲ್ಲ.

ಆದ್ದರಿಂದ ಒಂದು ಮಾತು ಕೇಳು. ಅವಳು ಎಂಥವಳು ಎಂದು ಬರೆಯುವುದನ್ನು ಬಿಟ್ಟು, ಏನೇನು ಮಾಡಿದಳು ಎಂದು ಬರೆ. ಯಾವ ವರ್ಷ, ಎಷ್ಟು ಜನಕ್ಕೆ, ಯಾವುದರಿಂದ, ಯಾರ ಜೊತೆ, ಎಷ್ಟು ಹೊತ್ತು. ನಿನ್ನ ಆಫೀಸಿನಲ್ಲಿ ಯಾರಾದರೂ ನಿವೃತ್ತಿ ಆದಾಗ ಅವರು ಯಾವ ಯಾವ ಕೆಲಸ ನೋಡಿಕೊಂಡರು ಎಂದು ಹೇಳುತ್ತಾರಲ್ಲ, ಅಷ್ಟಾದರೂ ಮರ್ಯಾದೆ ಅವಳಿಗೆ ಸಿಗಲಿ.

ನಿನಗೆ ಗೊತ್ತಿರುವ ಅಮ್ಮಮ್ಮ ಜಗಲಿಯಲ್ಲಿ ಕೂತು ಹತ್ತಿ ಬತ್ತಿ ಹೊಸೆಯುವ ಮುದುಕಿ. ನನಗೆ ಗೊತ್ತಿದ್ದವಳು ಮೂವತ್ತರ ಹೆಂಗಸು, ನನ್ನ ಅಮ್ಮ. ಅವಳ ಬಗ್ಗೆ ನಾನು ಹೇಳದಿದ್ದರೆ ನಿನಗೆ ಇನ್ಯಾರೂ ಹೇಳುವವರಿಲ್ಲ.

ಅವಳು ಹುಟ್ಟಿದ್ದು 1933ರಲ್ಲಿ. ನಾಲ್ಕನೇ ಕ್ಲಾಸಿಗೆ ಓದು ಮುಗಿಯಿತು. ಹದಿನಾರಕ್ಕೆ ಮದುವೆಯಾಗಿ ಕರೂರು ಹೋಬಳಿಯ ನಮ್ಮ ಹಳೇ ಮನೆಗೆ ಬಂದಳು. ಆ ಹೊತ್ತಿಗೆ ಶರಾವತಿಗೆ ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ ಆಗಿತ್ತು. 1948ರಿಂದ ಜೋಗದಲ್ಲಿ ಕರೆಂಟು ತಯಾರಾಗುತ್ತಿತ್ತು. ನಮ್ಮ ಮನೆಗೆ ಮಾತ್ರ ಚಿಮಣಿ ಬುಡ್ಡಿಯೇ ಗತಿ. ಆಮೇಲೆ ಆ ಅಣೆಕಟ್ಟೂ ಸಾಲದು ಎಂದು ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದನ್ನು ಕಟ್ಟಿದರು. 1964ರಲ್ಲಿ ಅದು ಮುಗಿದಾಗ ನಮ್ಮ ತೋಟ, ಗದ್ದೆ, ಮನೆ, ಮನೆ ಮುಂದಿನ ಅಪ್ಪೆ ಮಾವಿನ ಮರ ಎಲ್ಲ ನೀರಿನಡಿ ಹೋಯಿತು. ಹಳೇ ಮಡೇನೂರು ಅಣೆಕಟ್ಟೆಯೇ ಮುಳುಗಿತು ಅಂದರೆ ನೋಡು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಕಾಣುತ್ತದೆ, ಜನ ಫೋಟೋ ತೆಗೆದುಕೊಳ್ಳಲು ಹೋಗುತ್ತಾರೆ.

ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುತ್ತದಲ್ಲ, ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ, ಇವತ್ತಿನ ಮಟ್ಟ ಇಷ್ಟು ಎಂದು. ಕಣ್ಣು ಮಂಜಾದ ಮೇಲೆ ಅಮ್ಮ ಅದನ್ನು ಓದಿಸಿ ಕೇಳುತ್ತಿದ್ದಳು. ಮಳೆಯ ಅಂದಾಜಿಗೆ ಎಂದು ನೀವೆಲ್ಲ ಅಂದುಕೊಂಡಿದ್ದಿರಿ. 2025ರ ಜುಲೈನಲ್ಲಿ ಹಿನ್ನೀರಿನ ಮೇಲಿನ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ನಿನ್ನ ಮಾವ, ಅಂದರೆ ನನ್ನ ತಮ್ಮ, ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದ. ಸೇತುವೆಯ ಮಧ್ಯೆ, "ನಮ್ಮನೆ ತೋಟ ಎತ್ಲಾಗೆ?" ಎಂದು ಕೇಳಿದಳಂತೆ. ಅವನು ಹುಟ್ಟಿದ್ದೇ ಮುಳುಗಿದ ಮೇಲೆ. ಅವನೇನು ಹೇಳಿಯಾನು!

ಹಳೇ ಮನೆ ಬಿಟ್ಟ ದಿನದ ಬಗ್ಗೆ ಅಪ್ಪ ಹೇಳುವುದಾದರೆ ಪರಿಹಾರ, ಸರ್ವೆ, ಅರ್ಜಿ ಅಂತ ಹೇಳುತ್ತಿದ್ದರು. ಅಮ್ಮನ ನೆನಪೇ ಬೇರೆ. ಸೌತೆ, ಹೀರೆ, ಕುಂಬಳದ ಬೀಜಗಳನ್ನು ಬೂದಿ ಸಗಣಿಯಲ್ಲಿ ಕಲಸಿ ಗೋಡೆಗೆ ಮೆತ್ತಿ ಇಡುತ್ತಿದ್ದರು ಆಗ. ಅದನ್ನೆಲ್ಲ ಗೋಡೆಯಿಂದ ಕೆರೆದು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದಳು. ಕೆಸುವಿನ ಗೆಡ್ಡೆ, ಅರಿಶಿನ, ವೀಳ್ಯದೆಲೆಯ ಬಳ್ಳಿ, ಮಲ್ಲಿಗೆಯ ಟೊಂಗೆ. ಗಂಡಸರು ಬಾಗಿಲು, ಕಂಬ, ಹೆಂಚು ಕಳಚಿ ಗಾಡಿಗೆ ಹೇರುತ್ತಿದ್ದರು. ಬೀಸುವ ಕಲ್ಲು ಭಾರ, ಬಿಟ್ಟು ನಡಿ ಎಂದರಂತೆ. ಅದು ಬರದಿದ್ದರೆ ನಾನೂ ಬರುವುದಿಲ್ಲ ಎಂದಳು. ಕಲ್ಲು ಬಂತು. ನಿನ್ನ ಅಮ್ಮ ಆಗ ಮಡಿಲ ಕೂಸು, ನನಗೆ ಹನ್ನೆರಡು. ಅಮ್ಮ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಾಗರದ ಈಚೆ ಕಡೆ ಸಿಕ್ಕ ಜಾಗ ಬರೀ ಕಾಡು. ಅಡಿಕೆ ಸಸಿ ನೆಟ್ಟರೆ ಮೊದಲ ಫಸಲು ಕಾಣಲು ಐದಾರು ವರ್ಷ ಬೇಕು, ಕೈತುಂಬ ಬರಲು ಇನ್ನೂ ಜಾಸ್ತಿ. ಇಲ್ಲಿ ನೀನು ಒಂದು ಪ್ರಶ್ನೆ ಕೇಳಬೇಕು, ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ: ಆ ಐದಾರು ವರ್ಷ ಮನೆಯ ಹತ್ತು ಜನ ಏನು ತಿಂದರು?

ಅಪ್ಪ ತೋಟ ಎಬ್ಬಿಸಿದರು. ಅದು ನಿಜ, ಎಲ್ಲರೂ ಹೇಳುತ್ತಾರೆ. ತೋಟ ಏಳುವವರೆಗೆ ಮನೆ ನಡೆಸಿದ್ದು ಅಮ್ಮ. ಎರಡು ಎಮ್ಮೆ ಇದ್ದವು. ಹಾಲು ಕರೆದು, ಹೆಪ್ಪು ಹಾಕಿ, ಕಡೆದು, ತುಪ್ಪ ಕಾಯಿಸಿ ಪೇಟೆಯ ಹೋಟೆಲಿಗೆ ಕಳಿಸುತ್ತಿದ್ದಳು. ಮಜ್ಜಿಗೆ ಮನೆಗೆ. ಬೇಸಿಗೆ ಬಂತೆಂದರೆ ಹಲಸಿನ ಹಪ್ಪಳ. ಬಲಿತ ಕಾಯಿ ಕೊಯ್ದು, ಅಂಟು ಒರೆಸಿ, ತೊಳೆ ಬಿಡಿಸಿ, ಬೇಯಿಸಿ, ಒರಳಿನಲ್ಲಿ ಕುಟ್ಟಿ, ಬಾಳೆಲೆಯ ನಡುವೆ ಇಟ್ಟು ಒತ್ತಿ, ಚಾಪೆಯ ಮೇಲೆ ಒಣಗಿಸಬೇಕು. ಮೋಡ ಕಂಡರೆ ಓಡಿ ಹೋಗಿ ಎತ್ತಬೇಕು. ಮಳೆಗೆ ಮುಂಚಿನ ಆ ಕೆಲವೇ ವಾರಗಳಲ್ಲಿ ಮನೆಗೂ ಆಗಬೇಕು, ಮಾರಲೂ ಆಗಬೇಕು. ಹಲಸಿನ ಬೇಳೆಗೆ ಕೆಮ್ಮಣ್ಣು ಬಳಿದು ಮೂಲೆಯಲ್ಲಿ ಗುಡ್ಡೆ ಹಾಕಿದರೆ ಮಳೆಗಾಲದ ಹುಳಿಗೆ ಆಯಿತು. ಕಾಯಿ ತೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟರೆ ಶ್ರಾವಣದಲ್ಲಿ ಪಲ್ಯ. ಒಂದು ಹಲಸಿನ ಮರ ಅವಳ ಕೈಯಲ್ಲಿ ಆರು ತಿಂಗಳು ಊಟಕ್ಕೆ ಬರುತ್ತಿತ್ತು.

ಉಳಿದದ್ದು ಕಾಡಿನಿಂದ. ಒಂದೆಲಗ, ಎಲವರಿಗೆ, ಕನ್ನೆಕುಡಿ, ನೆಲ್ಲಿ, ಯಾವುದು ಸಿಕ್ಕರೂ ತಂಬುಳಿ. ಆಷಾಢದಲ್ಲಿ ಮರಗೆಸುವಿನ ಪತ್ರೊಡೆ, ಬಿದಿರಿನ ಕಳಲೆ. ಇದನ್ನೆಲ್ಲ ಈಗ ಹಬ್ಬದ ತಿಂಡಿಯ ಹಾಗೆ ಹೇಳುತ್ತಾರೆ, ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ತಿನ್ನುತ್ತೀರಿ. ನಮಗೆ ಅದು ಇಲ್ಲದ ದಿನಗಳ ಊಟ. ಕಳಲೆಯನ್ನು ಹೆಚ್ಚಿ ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸದಿದ್ದರೆ ಅದರಲ್ಲಿ ವಿಷ ಇರುತ್ತದೆ. ಕೆಸುವಿಗೆ ಹುಳಿ ಕಡಿಮೆಯಾದರೆ ಗಂಟಲೆಲ್ಲ ತುರಿಕೆ. ಯಾವ ಸೊಪ್ಪು ಬಾಣಂತಿಗೆ ಆಗುತ್ತದೆ, ಯಾವುದು ಆಗುವುದಿಲ್ಲ, ಯಾವುದು ಜ್ವರಕ್ಕೆ, ಯಾವುದು ಮಗುವಿನ ಹೊಟ್ಟೆನೋವಿಗೆ. ಇದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ತಪ್ಪಿದರೆ ಮನೆಯ ಮಗು ಕಾಯಿಲೆ ಬೀಳುತ್ತಿತ್ತು. ಅವಳು ತಪ್ಪಲಿಲ್ಲ.

ಮಂಗನ ಕಾಯಿಲೆ ಗೊತ್ತಲ್ವಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡದ್ದು, ಉಣುಗಿನಿಂದ ಹರಡುವಂಥದ್ದು. ಎಲ್ಲಾದರೂ ಮಂಗ ಸತ್ತು ಬಿದ್ದಿದೆ ಎಂದು ಸುದ್ದಿ ಬಂದರೆ ಸಾಕು, ಮಕ್ಕಳು ಯಾರೂ ಉದುರಿದ ಒಣ ಎಲೆ, ದರಕು ತರಲು ಕಾಡಿಗೆ ಹೋಗುವ ಹಾಗಿಲ್ಲ. ಕೊಟ್ಟಿಗೆಗೆ ಸೊಪ್ಪಿಲ್ಲದಿದ್ದರೂ ಪರವಾಗಿಲ್ಲ. ಈ ಒಂದು ವಿಷಯದಲ್ಲಿ ಅಪ್ಪನ ಮಾತನ್ನೂ ಅವಳು ಕೇಳುತ್ತಿರಲಿಲ್ಲ.

ಪುಸ್ತಕದಲ್ಲಿ ಅವಳ ಅಡುಗೆಗಳನ್ನೂ ಹಾಕುತ್ತೇನೆ ಎಂದಿದ್ದೀಯ. ಹಾಕು. ಆದರೆ ಬರೀ ಚಮಚದ ಅಳತೆ ಬೇಡ. ಮಿಡಿ ಉಪ್ಪಿನಕಾಯಿಯನ್ನೇ ತಗೋ. ನೀನು ಬರೆದಿರುವುದು ಉಪ್ಪು ಇಷ್ಟು, ಸಾಸಿವೆ ಇಷ್ಟು, ಮೆಣಸು ಇಷ್ಟು. ಮರದಿಂದ ಮಿಡಿಯನ್ನು ಬೀಳಿಸಬಾರದು, ತೊಟ್ಟಿನ ಸಮೇತ ಕೊಯ್ದು ಹಗ್ಗದ ಬಲೆಚೀಲದಲ್ಲಿ, ಕಲ್ಲಿಯಲ್ಲಿ ಇಳಿಸಬೇಕು, ಏಟು ತಿಂದ ಒಂದು ಮಿಡಿ ಇಡೀ ಜಾಡಿಯನ್ನು ಕೆಡಿಸುತ್ತದೆ. ತೊಟ್ಟು ಮುರಿದು ಸೊನೆಯ ಪರಿಮಳ ನೋಡಿಯೇ ಅವಳು ಮರ ಆರಿಸುತ್ತಿದ್ದಳು. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಮಿಡಿ ನೀರು ಬಿಟ್ಟು ಚಿರುಟಿಕೊಂಡ ಮೇಲೆ ಅದೇ ಉಪ್ಪುನೀರನ್ನು ಕುದಿಸಿ, ಆರಿಸಿ, ಅದರಲ್ಲೇ ಖಾರ ಅರೆಯಬೇಕು. ಒಂದು ತೊಟ್ಟು ಹಸಿನೀರು ತಾಗಿದರೂ ಮುಗಿಯಿತು. ಎರಡು ವರ್ಷವಾದರೂ ಮಿಡಿ ಕಚ್ಚಿದರೆ ಕಟುಂ ಅನ್ನಬೇಕು. ಅವಳು ಪಾಸು ಫೇಲು ಹೇಳುತ್ತಿದ್ದದ್ದು ಆ ಸದ್ದಿನ ಮೇಲೆ. ಇದನ್ನೆಲ್ಲ ಬರೆ.

ಹಾಗೆಯೇ ಇನ್ನೊಂದು. ಅಡಿಕೆ ಸುಗ್ಗಿಯಲ್ಲಿ ನಮ್ಮ ಮನೆ ಹೇಗಿರುತ್ತಿತ್ತು ಎಂದು ನಿನ್ನ ಅಮ್ಮನನ್ನು ಕೇಳು. ಬೆಳಿಗ್ಗೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ, ಕೆಳಗೆ ಹಗ್ಗ, ಅಂದರೆ ಮಿಳಿ, ಹಿಡಿಯುವವರಿಗೆ ಅವಲಕ್ಕಿ ಕಾಫಿ. ಮಧ್ಯಾಹ್ನ ಅಷ್ಟೂ ಜನಕ್ಕೆ ಊಟ. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುವವರ ಸಾಲು, ಅವರಿಗೆ ಚಹಾ. ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುತ್ತಿದ್ದರೆ ಬೆಂಕಿ ನೋಡಿಕೊಳ್ಳಬೇಕು. ಅಟ್ಟದ ಮೇಲೆ ಹರವಿದ ಅಡಿಕೆಯನ್ನು ಮಗುಚಬೇಕು. ಒಣಗಿದ ಮೇಲೆ ಕೂತು ಆರಿಸಬೇಕು. ಮಂಡಿಗೆ ಹೋಗುವಾಗ ಮೂಟೆಯ ಮೇಲೆ ಅಪ್ಪನ ಹೆಸರು, ಪಟ್ಟಿಯಲ್ಲಿ ಅಪ್ಪನ ಹೆಸರು, ದುಡ್ಡೂ ಅಪ್ಪನ ಹೆಸರಿಗೆ. ಅಪ್ಪ ಕೆಟ್ಟವರಲ್ಲ ಕೂಸೇ. ಆಗ ಹಾಗೇ ಇತ್ತು. ಆದರೆ 'ಹಾಗೇ ಇತ್ತು' ಎಂದು ಬಿಟ್ಟುಬಿಟ್ಟರೆ ಅವಳ ಅರ್ಧ ಆಯುಷ್ಯದ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ.

ಸುಲಿಯಲು ಬರುತ್ತಿದ್ದ ಹೆಂಗಸರ ಬಗ್ಗೆಯೂ ಬರೆ. ಅಮ್ಮನ ಬಾಣಂತನಗಳಲ್ಲಿ ನೀರು ಹೊತ್ತವರು, ನನ್ನನ್ನು ಎತ್ತಿ ಆಡಿಸಿದವರು ಅವರು. ಅವರ ಮಕ್ಕಳು ಈಗಲೂ ಊರಲ್ಲಿದ್ದಾರೆ, ಹೋಗಿ ಕೇಳು, ಅವರಿಗೆ ನಿನ್ನ ಅಮ್ಮಮ್ಮ ಹೇಗೆ ಕಂಡಿದ್ದಳು ಎಂದು. ಎಲ್ಲವೂ ಹಿತವಾಗಿರುತ್ತದೆ ಎಂದು ಹೇಳಲಾರೆ. ಅವರ ಚಹಾದ ಲೋಟ ಜಗಲಿಯ ಮೂಲೆಯಲ್ಲಿ ಬೇರೆ ಇರುತ್ತಿತ್ತು. ಅವರ ಮಗುವಿಗೆ ಜ್ವರ ಎಂದರೆ ಮಧ್ಯರಾತ್ರಿಯಲ್ಲಿ ಕಷಾಯ ಮಾಡಿ ಕಳಿಸುತ್ತಿದ್ದವಳೂ ಅಮ್ಮನೇ, ಆ ಲೋಟವನ್ನು ಬೇರೆ ಇಡುತ್ತಿದ್ದವಳೂ ಅಮ್ಮನೇ. ತುಂಬ ವರ್ಷದ ನಂತರ, ನಿನ್ನ ಅತ್ತೆ ಸೊಸೆಯಾಗಿ ಬಂದ ಮೇಲೆ, ಆ ಲೋಟ ಒಳಗೆ ಬಂತು. ಅಮ್ಮ ತಕರಾರು ಮಾಡಲಿಲ್ಲ, ಮೆಚ್ಚಲೂ ಇಲ್ಲ. ಇದನ್ನು ಬಿಟ್ಟು ಬರೆಯಬೇಡ.

ಸೊಸೆಯ ವಿಷಯ ಬಂತಲ್ಲ. ನಿನ್ನ ಬರಹದಲ್ಲಿ 'ಅತ್ತೆ-ಸೊಸೆ ತಾಯಿ-ಮಗಳ ಹಾಗಿದ್ದರು' ಎಂಬ ಸಾಲಿದೆ. ಅದನ್ನು ನಿನ್ನ ಅತ್ತೆಗೆ ತೋರಿಸಿ ಆಮೇಲೆ ಅಚ್ಚಿಗೆ ಕೊಡು! ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಲು ಅವಳಿಗೆ ಅಪ್ಪಣೆ ಸಿಕ್ಕಿದ್ದು ಅವಳ ದೊಡ್ಡ ಮಗ ಹೈಸ್ಕೂಲಿಗೆ ಹೋದ ಮೇಲೆ. ಅಮ್ಮನಿಗೆ ಅಧಿಕಾರ ಅಂತ ಇದ್ದದ್ದು ಅಡುಗೆಮನೆ ಒಂದರಲ್ಲೇ, ಅದನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಆದರೆ ಕೊನೆಯ ಎರಡು ವರ್ಷ ಅಮ್ಮನನ್ನು ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸಿದವಳು ಆ ಸೊಸೆ. ಪುಸ್ತಕದಲ್ಲಿ ಅವಳ ಹೆಸರಿಗೆ ಒಂದು ಪುಟ ಇಡು. ನನ್ನ ಮತ್ತು ನಿನ್ನ ಅಮ್ಮನ ಹೆಸರಿಗಿಂತ ಮೊದಲು.

ಅಸ್ತ್ರ ಒಲೆಯ ಕಥೆ ನಿನಗೆ ಗೊತ್ತಿಲ್ಲ ಅನಿಸುತ್ತದೆ. ಮಲೆನಾಡಿನ ಮಳೆಗಾಲದ ಹಸಿ ಸೌದೆ, ಊದುಕೊಳವೆ, ಮನೆ ತುಂಬ ಹೊಗೆ. ಅಮ್ಮನ ಕಣ್ಣು ಯಾವಾಗಲೂ ಕೆಂಪು, ರಾತ್ರಿಯೆಲ್ಲ ಕೆಮ್ಮು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಆ ಒಲೆ ನಮ್ಮ ಕಡೆಯ ಹಳ್ಳಿಗಳಿಗೂ ಬಂತು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಗೆ. ಇಷ್ಟು ವರ್ಷ ನಡೆದದ್ದು ಇನ್ನೂ ನಡೆಯುತ್ತದೆ ಎಂದರು ಅಪ್ಪ. ಅವಳು ವಾದ ಮಾಡಲಿಲ್ಲ. ತುಪ್ಪದ ದುಡ್ಡು ಕೊಟ್ಟು ಒಲೆ ಹಾಕುವವನನ್ನು ಕರೆಸಿದಳು, ಅಪ್ಪ ಮಂಡಿಗೆ ಹೋದ ದಿನ ಹಳೇ ಒಲೆ ಒಡೆಸಿದಳು. ನಮ್ಮ ದೊಡ್ಡ ಪಾತ್ರೆ ಕೂರುವಂತೆ ಒಲೆಯ ಬಾಯಿ ಅಗಲ ಮಾಡು ಎಂದು ಅವನಿಗೇ ಹೇಳಿಕೊಟ್ಟಳಂತೆ. ಸಂಜೆ ಅಪ್ಪ ಬಂದು ನೋಡಿದರು, ಏನೂ ಹೇಳಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತರು. ಸೌದೆ ಎಷ್ಟೋ ಕಡಿಮೆ ಆಯಿತು, ಅವಳ ಕೆಮ್ಮೂ ಕಡಿಮೆ ಆಯಿತು. ಸಹನೆಯ ಮೂರ್ತಿ ಎಂದು ಬರೆದಿದ್ದೀಯಲ್ಲ, ಅದರ ಜಾಗದಲ್ಲಿ ಈ ಒಲೆಯನ್ನು ಬರೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಬರಹದ ಜೊತೆ ಕಳಿಸಿದ ಮೆಸೇಜಿನ ಕೊನೆಯಲ್ಲಿ, "ಅಮ್ಮಮ್ಮನ ಅರ್ಧದಷ್ಟೂ ನನ್ನಿಂದ ಆಗ್ತಿಲ್ಲ ದೊಡ್ಡಮ್ಮಾ, ಕೆಲಸ ಬಿಟ್ಟುಬಿಡಲಾ?" ಎಂದು ಬರೆದಿದ್ದೀಯ. ಆ ಒಂದು ಸಾಲಿಗಾಗಿಯೇ ನಾನು ಇಷ್ಟುದ್ದ ಪತ್ರ ಬರೆಯಲು ಕೂತದ್ದು.

ಅಮ್ಮನ ಹಾಗೆ ಆಗಬೇಕು ಎಂದು ನಿನಗೆ ಯಾರು ಹೇಳಿದರು? ಅಮ್ಮ ಹೇಳಿರಲಿಕ್ಕಿಲ್ಲ. ಅವಳಿಗೆ ಮಗು ಎತ್ತಿಕೊಳ್ಳಲು ಅತ್ತೆ ಇದ್ದಳು, ನಾದಿನಿಯರಿದ್ದರು, ನೀರು ಸೇದಿ ಕೊಡುವವರಿದ್ದರು, ಹನ್ನೆರಡು ವರ್ಷದ ನಾನಿದ್ದೆ. ನಾನು ಹೈಸ್ಕೂಲು ಮುಗಿಸದೇ ಇರಲು ಅದೂ ಒಂದು ಕಾರಣ. ನಿನಗೆ ಇರುವುದು ಎರಡು ಕೋಣೆಯ ಫ್ಲ್ಯಾಟು, ಮೂರು ವರ್ಷದ ಮಗು, ಬೆಳಿಗ್ಗೆ ಎಂಟಕ್ಕೆ ಹೊರಡುವ ಗಂಡ, ನಿನ್ನ ಆಫೀಸು. ಹತ್ತು ಜನರ ನಡುವೆ ಒಬ್ಬಳು ಮಾಡಿದ್ದನ್ನು ಒಬ್ಬಂಟಿಯಾಗಿ ಮಾಡಲು ಹೋಗಿ ಆಗುತ್ತಿಲ್ಲ ಎಂದು ಅಳುತ್ತಿದ್ದೀಯ. ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ.

ಇದು ನಿನ್ನೊಬ್ಬಳ ಮನೆಯ ಕಥೆಯೂ ಅಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಮನೆಗೆಲಸಕ್ಕೆ, ಆ ಕೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. ನಿನ್ನ ಗಂಡ ಒಳ್ಳೆಯ ಹುಡುಗ, ನನಗೆ ಅವನನ್ನು ಕಂಡರೆ ಇಷ್ಟ. ಆದರೆ ಒಳ್ಳೆಯ ಹುಡುಗರಿಗೂ ಹೇಳದೆ ಗೊತ್ತಾಗುವುದಿಲ್ಲ. ಅವನಿಗೆ ಚೂರುಪಾರು ಕೆಲಸ ಕೊಡಬೇಡ, ಈರುಳ್ಳಿ ಹೆಚ್ಚಿಕೊಡು, ಹಾಲು ತಾ ಎಂದು. ಒಂದು ಕೆಲಸವನ್ನು ಇಡಿಯಾಗಿ ಕೊಡು. ರಾತ್ರಿಯ ಅಡುಗೆ ಅವನದು ಎಂದರೆ ಏನು ಮಾಡುವುದು ಎಂದು ಯೋಚಿಸುವುದು, ತರಕಾರಿ ತರುವುದು, ಬೇಳೆ ಮುಗಿದದ್ದು ನೆನಪಿಡುವುದು, ಕೊನೆಗೆ ಸಿಂಕ್ ತೊಳೆಯುವುದು, ಎಲ್ಲವೂ ಅವನದು. ಮಗುವಿನ ಲಸಿಕೆಯ ತಾರೀಕು ಅವನ ತಲೆಯಲ್ಲಿರಲಿ. ಅಮ್ಮನನ್ನು ಸುಸ್ತು ಮಾಡಿದ್ದು ಕೈಕೆಲಸಕ್ಕಿಂತ ಈ ನೆನಪಿಡುವ ಕೆಲಸ. ತೊಂಬತ್ತು ದಾಟಿದ ಮೇಲೂ ನಿದ್ದೆಗಣ್ಣಿನಲ್ಲಿ, "ಹೆಪ್ಪು ಹಾಕಿದ್ಯಾ?" ಎಂದು ಕೇಳುತ್ತಿದ್ದಳು. ಮೊದಮೊದಲು ಅವನ ಸಾರಿಗೆ ಉಪ್ಪು ಜಾಸ್ತಿ ಆಗಬಹುದು. ಸುಮ್ನೆ ತಿನ್ನು.

ಕೆಲಸ ಬಿಡುವುದೋ ಬೇಡವೋ ನಾನು ಹೇಳುವುದಿಲ್ಲ. ಮನೆಯಲ್ಲಿ ಇರಬೇಕು, ಮಗುವಿನ ಜೊತೆ ಇರಬೇಕು ಎಂದು ನಿನಗೇ ಅನಿಸಿದರೆ ಬಿಡು, ಅದರಲ್ಲಿ ಕೀಳು ಏನೂ ಇಲ್ಲ. ಅಮ್ಮನಿಗೆ ಋಣ ತೀರಿಸಲು ಎಂದು ಬಿಡಬೇಡ. ಬಿಡುವುದಾದರೂ ಅಮ್ಮನ ಹಾಗೆ ಬರಿಗೈಯಲ್ಲಿ ಕೂರಬೇಡ.

ಅವಳ ಬರಿಗೈ ಎಂಥದ್ದು ಎಂದು ಹೇಳುತ್ತೇನೆ ಕೇಳು. ಜನಗಣತಿಯವರು ಬಂದಾಗ ಅಪ್ಪ ಅವಳ ಹೆಸರಿನ ಮುಂದೆ 'ಕೆಲಸ ಇಲ್ಲ' ಎಂದು ಬರೆಸುತ್ತಿದ್ದರು. ಅಪ್ಪನ ತಪ್ಪೂ ಅಲ್ಲ, ಸರ್ಕಾರದ ಲೆಕ್ಕವೇ ಹಾಗಿತ್ತು. 2001ರ ಜನಗಣತಿಯಲ್ಲಿ ಮನೆಗೆಲಸ ಮಾಡುವ ಹೆಂಗಸರನ್ನು ದುಡಿಯದವರು ಎಂದು ಭಿಕ್ಷುಕರು, ಕೈದಿಗಳ ಜೊತೆ ಸೇರಿಸಿದ್ದರು. 2010ರಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಇದನ್ನು ಎತ್ತಿ ಹೇಳಿ ಛೀಮಾರಿ ಹಾಕಿತು. ಅದಕ್ಕೂ ಮುಂಚೆ, 1989ರ ಜಮ್‌ಶೆಡ್‌ಪುರದ ಬೆಂಕಿ ದುರಂತದಲ್ಲಿ ತೀರಿಕೊಂಡ ಗೃಹಿಣಿಯರಿಗೆ ಪರಿಹಾರ ಕಟ್ಟುವಾಗ, 2001ರಲ್ಲಿ, ಅವರ ದುಡಿಮೆಗೆ ಅದೇ ಕೋರ್ಟು ತಿಂಗಳಿಗೆ 3,000 ರೂಪಾಯಿ ಎಂದು ಬೆಲೆ ಹಿಡಿದಿತ್ತು. ಅಷ್ಟೇನಾ ಎಂದು ನಿನಗೆ ಅನಿಸಬಹುದು. ನನಗೆ ನೋವಾದದ್ದು ಬೇರೆ. ಆ ಹೆಂಗಸರ ಕೆಲಸಕ್ಕೆ ಬೆಲೆ ಇದೆ ಎಂದು ಲೆಕ್ಕ ಹಾಕಿದ್ದು ಅವರು ಸತ್ತ ಮೇಲೆ.

ನಮ್ಮಮ್ಮನ ಹೆಸರಿಗೆ ಮೊದಲ ಸಲ ತಿಂಗಳು ತಿಂಗಳು ದುಡ್ಡು ಬಂದದ್ದು 2023ರಲ್ಲಿ. ಗೃಹಲಕ್ಷ್ಮಿಯ 2,000 ರೂಪಾಯಿ. ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸು ಅವಳೇ ಅಲ್ವಾ. ಆಗ ಅವಳಿಗೆ ತೊಂಬತ್ತು. "ಇದು ಯಾರ ದುಡ್ಡು? ನಂದಾ? ಯಾರೂ ಲೆಕ್ಕ ಕೇಳ್ತ್ವಿಲ್ಯಾ?" ಎಂದು ನಿನ್ನ ಮಾವನನ್ನು ಮತ್ತೆ ಮತ್ತೆ ಕೇಳಿದಳು. ಕೆಲವು ತಿಂಗಳದ್ದು ಕೂಡಿಟ್ಟು ಅಡುಗೆಮನೆಗೆ ಒಂದು ಫ್ಯಾನ್ ಹಾಕಿಸಿದಳು. ಅವಳು ಆ ಹೊತ್ತಿಗೆ ಅಡುಗೆಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. ಸೊಸೆಗೆ ಅದು.

ಆದ್ದರಿಂದ ನೀನು ಮನೆಯಲ್ಲಿ ಇರುವುದಾದರೆ, ಫ್ಲ್ಯಾಟಿನ ಪತ್ರದಲ್ಲಿ ನಿನ್ನ ಹೆಸರೂ ಇರಲಿ. ಪಿ.ಎಫ್. ದುಡ್ಡನ್ನು ತೆಗೆದು ಕಾರಿಗೆ ಹಾಕಬೇಡ. ನಿನ್ನದೇ ಖಾತೆಗೆ ತಿಂಗಳಿಗೆ ಇಷ್ಟು ಬರಲಿ ಎಂದು ಈಗಲೇ ಮಾತಾಡಿಕೋ. ಮನೆಯಲ್ಲಿ ವಿಮೆ ಮಾಡಿಸುವಾಗ ಗಂಡನ ಹೆಸರಿಗೆ ಮಾತ್ರ ಮಾಡಿಸುತ್ತಾರೆ, ನಿನ್ನ ಹೆಸರಿಗೂ ಮಾಡಿಸು. ಪ್ರೀತಿ ಇರುವಾಗಲೇ ಇದನ್ನೆಲ್ಲ ಮಾತಾಡಲು ಸುಲಭ.

ಕಾಗದದ ಮಾತು ಬಂದಾಗ ಅಮ್ಮ ಹೇಗಿದ್ದಳು ಎಂಬುದನ್ನೂ ಬರೆ. ಅಪ್ಪ ಹೋದ ಮೇಲೆ ಪಹಣಿಗೆ ಅವಳ ಹೆಸರು ಸೇರಿತು. ಆ ಹಾಳೆಯನ್ನು ಪಂಚಾಂಗದ ಒಳಗೆ ಇಟ್ಟುಕೊಂಡಿದ್ದಳು, ನೀನೂ ನೋಡಿರಬಹುದು. ಕೆಲವು ವರ್ಷದ ಹಿಂದೆ ಮನೆಯಲ್ಲಿ ಪಾಲಿನ ಮಾತು ಎದ್ದಾಗ, ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡುವ ಪತ್ರವೊಂದನ್ನು ನಮ್ಮ ಮುಂದೆ ಇಟ್ಟರು. ಮನಸ್ತಾಪ ಬೇಡ, ಸಹಿ ಹಾಕೋಣ ಎಂದು ನಿನ್ನ ಅಮ್ಮ ಪೆನ್ನು ತೆಗೆದೂ ಬಿಟ್ಟಿದ್ದಳು. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ಕಾನೂನು ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದ ನಮ್ಮಂಥವರು ಅದರಿಂದ ಹೊರಗೆ. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಇದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮನಿಗೆ ಕಾನೂನು ಗೊತ್ತಿರಲಿಲ್ಲ, ಮಕ್ಕಳು ಗೊತ್ತಿದ್ದರು. ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, "ಅದನ್ನ ಪೂರ್ತಿ ಗಟ್ಟಿಯಾಗಿ ಓದು. ಎಲ್ಲರಿಗೂ ಕೇಳಲಿ" ಎಂದು ನನಗೆ ಹೇಳಿದಳು. ಓದಿದೆ. ಓದಿ ಮುಗಿಯುವ ಹೊತ್ತಿಗೆ ನಿನ್ನ ಮಾವನಿಗೇ ಮುಜುಗರವಾಗಿ, ಇದು ಹೀಗೆ ಬೇಡ, ಕೂತು ಮಾತಾಡೋಣ ಎಂದ. ಕೊನೆಗೆ ಎಲ್ಲರೂ ಒಪ್ಪುವ ಹಾಗೆ ಆಯಿತು, ನಾವು ಅಕ್ಕತಂಗಿಯರು ಸ್ವಲ್ಪ ಬಿಟ್ಟೆವು, ಸ್ವಲ್ಪ ಇಟ್ಟುಕೊಂಡೆವು. ಗೊತ್ತಿದ್ದೇ ಬಿಟ್ಟೆವು. ಹಬ್ಬಕ್ಕೆ ತವರಿಗೆ ಹೋಗುವುದು ತಪ್ಪಲಿಲ್ಲ.

ಪುಸ್ತಕಕ್ಕೆ ಫೋಟೋ ಯಾವುದು ಎಂದು ಕೇಳಿದ್ದೆಯಲ್ಲ. ರೇಷ್ಮೆ ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದ್ದು ಬೇಡ. ಅಡಿಕೆ ಆರಿಸುತ್ತ ಕೂತು, ಫೋಟೋ ತೆಗೆಯುವವನ ಕಡೆ ಸಿಡುಕು ಮುಖ ಮಾಡಿ ನೋಡುತ್ತಿರುವ ಒಂದು ನಿನ್ನ ಮಾವನ ಹತ್ತಿರ ಇದೆ. ಅದನ್ನೇ ಹಾಕು, ಯಾರು ಏನಂದರೂ ಸರಿ.

ಕೊನೆಯದಾಗಿ ನಿನ್ನ ಅಮ್ಮನ ವಿಷಯ. ಅವಳಿಗೂ ಅರವತ್ತು ದಾಟಿತು. ಅಮ್ಮ ಹೋದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಾಳೆ ಎಂದು ನೀನು ಹೇಳಿದ್ದೆ. ವಾರಕ್ಕೊಮ್ಮೆ ಫೋನ್ ಮಾಡಿದಾಗ 'ಊಟ ಆಯ್ತಾ' ಎಂಬಲ್ಲಿಗೆ ನಿಲ್ಲಿಸಬೇಡ. ಅವಳು ಹೊಲಿಗೆ ಕಲಿತು, ಊರಿನ ಅರ್ಧ ಹೆಣ್ಣುಮಕ್ಕಳಿಗೆ ರವಿಕೆ ಹೊಲಿದು ನಿನ್ನ ಕಾಲೇಜಿನ ಫೀಸು ಕಟ್ಟಿದ್ದಳು, ನಿನಗೆ ಗೊತ್ತಿದೆಯೋ ಇಲ್ಲವೋ. ಆ ಲೆಕ್ಕದ ಪುಸ್ತಕ ಈಗಲೂ ಅವಳ ಹತ್ತಿರ ಇದೆ. ಕೇಳಿ ನೋಡು. ಮತ್ತೆ ಅವಳ ಬಲಗಣ್ಣಿಗೆ ಪೊರೆ ಬರುತ್ತಿದೆ, ನಿನಗೆ ಹೇಳಬೇಡ ಎಂದು ನನಗೆ ಹೇಳಿದ್ದಾಳೆ. ಅದಕ್ಕೇ ಹೇಳುತ್ತಿದ್ದೇನೆ. ವರ್ಷಾಂತ ಮುಗಿಸಿ ಹೊರಡುವಾಗ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸು. ಬರುವುದಿಲ್ಲ, ಎಮ್ಮೆ ಯಾರು ನೋಡುತ್ತಾರೆ ಎನ್ನುತ್ತಾಳೆ. ಎಮ್ಮೆ ನಾನು ನೋಡುತ್ತೇನೆ.

ಬರುವಾಗ ರಾತ್ರಿಯ ತಾಳಗುಪ್ಪ ರೈಲಿಗೆ ಹೊರಡಿ, ಮಗುವಿಗೆ ಸ್ವೆಟರ್ ಇರಲಿ. ಜಂಬಗಾರು ಸ್ಟೇಷನ್ನಿಗೆ ನಿನ್ನ ಮಾವ ಜೀಪು ತರುತ್ತಾನೆ. ಬರಹ ತಿದ್ದಿದ ಮೇಲೆ ಮೊದಲು ನಿನ್ನ ಅತ್ತೆಗೆ ಕಳಿಸು, ಆಮೇಲೆ ನನಗೆ.

ಇಂತಿ ನಿನ್ನ,
ದೊಡ್ಡಮ್ಮ